ಶಾರದೆಯ ಸೈಕಾಸ್ ಮತ್ತು ಉಗುರಗಲದ ಚಿಟ್ಟೆ

ಹೆಂಡತಿ ಅಕ್ಕರೆಯಿಂದ ಸಾಕಿದ ಗಿಡದ ಬಗ್ಗೆ ಅಭಿಪ್ರಾಯ ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕು ನನ್ನನ್ನು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಎತ್ತಿಹಾಕಿದಾಗ, ಶಾರದೆಯ ಸೈಕಾಸ್ ಕುಂಡ ರೈಲಿನಲ್ಲಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಪ್ರಯಾಣ ಮಾಡಿತು. ತಾಳೆಯ ಮರಿಯಂತಿರುವ ಈ ಗಿಡ ಚಿಗುರುವುದು ವರ್ಷಕ್ಕೊಮ್ಮೆ, ಅದೂ ಮನಸ್ಸಾದರೆ. ದ್ವಾರಕಾ ನಗರದ ನಮ್ಮ ಬಾಲ್ಕನಿಯಲ್ಲಿ ಅದಕ್ಕೆ ಕೊನೆಗೂ ಮನಸ್ಸಾಯಿತು. ಸುರುಳಿ ಸುರುಳಿಯಾಗಿ ಎಳೆ ಗರಿಗಳು ಎದ್ದವು. ಶಾರದೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ವಾರ ಕಳೆಯುವುದರೊಳಗೆ ಗರಿಗಳ ತುಂಬ ಹಸಿರು ಹುಳುಗಳು!

“ನಿಂತು ನೋಡ್ತಾ ಇದೀರಲ್ಲ, ಏನಾದ್ರೂ ಮಾಡಿ ಅಂದ್ರೆ!” ಎಂದಳು. ಅಳುವುದೊಂದು ಬಾಕಿ. ನಾನು ಔಷಧಿ ತುಂಬಿದ ಪಂಪು ಹಿಡಿದು ನಿಂತೆ.

ಅದೇ ಹೊತ್ತಿಗೆ ಕೆಳಮನೆಯ ವಿಮಲಾ ಬಂದರು. ಧಾರವಾಡದವರು; ಗಂಡ ನೌಕಾಪಡೆಯಲ್ಲಿ. ಮದುವೆಗೆ ಮುಂಚೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. “ತಡೀರಿ, ಹೊಡೀಬ್ಯಾಡ್ರಿ! ಮೊದಲ ಆ ಇರಿವಿ ನೋಡ್ರಿ.”

ನೋಡಿದೆ. ಇರುವೆಗಳು ಹುಳುವನ್ನು ಕಚ್ಚುತ್ತಿರಲಿಲ್ಲ, ಮೀಸೆಯಿಂದ ಅದರ ಬೆನ್ನು ಸವರುತ್ತಿದ್ದವು. ಹುಳು ಒಂದು ಸಿಹಿ ಹನಿ ಕೊಡುತ್ತಿತ್ತು. ಅದಕ್ಕಾಗಿ ಇವುಗಳ ಕಾವಲು ಎಂದು ವಿಮಲಾ ವಿವರಿಸಿದರು. ನಮ್ಮ ಬಾಲ್ಕನಿಯಲ್ಲಿ ಇಂಥದೊಂದು ಸಂಸಾರ ನಡೆಯುತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

“ಈ ಹುಳ ನೀಲಿ ಚಿಟ್ಟಿ ಕುಟುಂಬದ್ದು,” ಎಂದರು ವಿಮಲಾ. “ಮಳಿಗಾಲದಾಗ ಹುಟ್ಟಿದ್ದರ ರೆಕ್ಕಿ ಗುರುತು ಬ್ಯಾರೆ, ಒಣ ದಿನದಾಗ ಹುಟ್ಟಿದ್ದರದು ಬ್ಯಾರೆ. ನೋಡಿದವರು ಎರಡು ಜಾತಿ ಅಂದ್ಕೋಬೇಕು. ಎರಡೂ ಒಂದ ರೀ! ಅರಿವಿ ಬದಲಿ ಮಾಡಿದ್ರ ಮನಷ್ಯಾ ಬದಲಿ ಆಗ್ತಾನೇನು?”

ಶಾರದೆ ತುಂಬ ಹೊತ್ತು ಬಗ್ಗಿ ನೋಡಿದಳು. ಆಮೇಲೆ ಪಂಪನ್ನು ನನ್ನ ಕೈಯಿಂದ ತೆಗೆದಿಟ್ಟಳು. “ತಿನ್ನಲಿ ಬಿಡಿ. ಗಿಡ ಮತ್ತೆ ಚಿಗುರುತ್ತೆ.”

ಕೆಲವು ದಿನಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಮಗಳು ಕೂಗಿದಳು: “ಅಮ್ಮಾ, ಚೂಡು! ಎಂತ ಬಾಗುಂದೋ!” ನೋಡು, ಎಷ್ಟು ಚೆನ್ನಾಗಿದೆ ಅಂತ; ಸಂತೋಷ ಹೆಚ್ಚಾದರೆ ಅವಳಿಗೆ ತೆಲುಗೇ ಬರುವುದು. ಗರಿಯ ಬುಡದ ಕೋಶ ಒಡೆದು, ಮುದುಡಿದ ಒದ್ದೆ ರೆಕ್ಕೆಗಳ ಜೀವವೊಂದು ಹೊರಬಂದಿತ್ತು. ನನ್ನ ಹೆಬ್ಬೆರಳಿನ ಉಗುರಿನಷ್ಟು. ಅದು ಮೆಲ್ಲಗೆ ರೆಕ್ಕೆ ಬಿಚ್ಚಿದಾಗ ಕಂಡ ನೇರಳೆ ಮಿಶ್ರಿತ ನೀಲಿಗೆ ವಿಶಾಖಪಟ್ಟಣದ ಕಡಲಲ್ಲೂ ಜೋಡಿ ನೋಡಿಲ್ಲ. ನಾವೆಲ್ಲ ಕುಂಡದ ಸುತ್ತ ಬಗ್ಗಿ ನಿಂತೆವು. ವಿಮಲಾ ಕೂಡ ಓಡಿಬಂದರು.

ರೆಕ್ಕೆ ಮಡಚಿ ಕೂತ ಅದನ್ನು ತೋರಿಸುತ್ತ ನಾನು ಮಗಳಿಗೆ ಪಾಠ ಶುರುಮಾಡಿದೆ: “ನೋಡು ಪುಟ್ಟಿ, ಇದು ಕಣ್ಣು. ಅಲ್ಲಾಡ್ತಿದೆಯಲ್ಲ, ಅದು ಮೀಸೆ. ನಮ್ಮನ್ನೇ ನೋಡ್ತಿದೆ.”

ಚಿಟ್ಟೆ ಪಟ್ಟನೆ ಆ ‘ಕಣ್ಣಿ’ಗೆ ವಿರುದ್ಧ ದಿಕ್ಕಿಗೆ ಹಾರಿಹೋಯಿತು. ವಿಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅದು ಬಾಲ ರೀ! ಹಕ್ಕಿಗೆ ಮೋಸ ಮಾಡಾಕ ಹಿಂದ ಸುಳ್ಳು ತಲಿ ಇಟ್ಕೊಂಡಿರ್ತದ.”

ಬ್ಯಾಂಕಿನಲ್ಲಿ ನನ್ನ ಕೆಲಸ ಸಹಿಗಳ ಅಸಲು–ನಕಲು ಪತ್ತೆಹಚ್ಚುವುದು. ಹುಟ್ಟಿ ಇನ್ನೂ ಒಂದು ಗಂಟೆಯಾಗದ ಆ ಜೀವಿಗೆ ಮನಸ್ಸಿನಲ್ಲೇ ಕೈಮುಗಿದೆ. ಯಾವ ಕಡೆಗೆ ಮುಗಿದೆನೋ, ಖಾತರಿಯಿಲ್ಲ.