ಕಪ್ಪು ಬಾನೆಟ್ಟಿನ ಪರವಾಗಿ

ಕಾರು ನನ್ನದು, ಬಾನೆಟ್ಟು ನನ್ನದು, ಅದು ಕಪ್ಪಗಿದ್ದರೆ ಊರಿಗೇನು ಕಷ್ಟ ಎಂದು ನಾನು ಕೇಳುತ್ತಲೇ ಬಂದಿದ್ದೇನೆ. ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬದಲಿಗೆ ಎಲ್ಲರೂ ನನ್ನನ್ನೇ ತಿರುಗಿ ಕೇಳುತ್ತಾರೆ, ಅದರಿಂದ ಉಪಯೋಗ ಏನು ಅಂತ. ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿಕ್ಕವನಿದ್ದಾಗ ನಮ್ಮೂರ ರೋಜಾ ದರ್ಗಾದ ಉರುಸಿನ ಅಂಗಡಿಯೊಂದರಲ್ಲಿ, ಒಳಗೆ ಬಣ್ಣಬಣ್ಣದ ಗುಳ್ಳೆಗಳಿದ್ದ ಗಾಜಿನ ಗುಂಡು ಕಂಡು ಬೇಕೇ ಬೇಕೆಂದು ಹಟ ಹಿಡಿದಿದ್ದೆ. "ಇದರಿಂದ ಏನ್ ಉಪಯೋಗ?" ಎಂದರು ಅಪ್ಪ. ಕಾಗದ ಹಾರದಂತೆ ಮೇಲೆ ಇಡಬಹುದಲ್ಲ ಎಂದೆ. ಅಪ್ಪ ಬಗ್ಗಿ ರಸ್ತೆ ಬದಿಯ ಕಲ್ಲೊಂದನ್ನು ಎತ್ತಿ ನನ್ನ ಕೈಗಿಟ್ಟರು. ಆ ಕಲ್ಲು ಎಷ್ಟೋ ವರ್ಷ ನಮ್ಮ ಮನೆಯ ಕಾಗದಗಳ ಮೇಲೆ ಕೂತಿತ್ತು. ನಾನು ಅದನ್ನು ಒಂದು ದಿನವೂ ಪ್ರೀತಿಯಿಂದ ನೋಡಲಿಲ್ಲ.

ನನ್ನ ಹಣೆಬರಹ ನೋಡಿ, ಮುಂದೆ ನಾನು ಓದಿದ್ದೂ ಕಲಿಸುತ್ತಿರುವುದೂ ಅರ್ಥಶಾಸ್ತ್ರವನ್ನೇ. ದಿನಾ ಕಲಬುರಗಿಯಿಂದ ಕಮಲಾಪುರದ ಕಾಲೇಜಿಗೆ ಕಾರು ಓಡಿಸಿಕೊಂಡು ಹೋಗಿ, ಮನುಷ್ಯನ ಬಯಕೆಯನ್ನು ತೀರಿಸುವ ಗುಣಕ್ಕೆ ತುಷ್ಟಿಗುಣ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು ಬರುತ್ತೇನೆ. ಆ ಬಯಕೆ ಬೇಕಾದದ್ದೋ ಬೇಡವಾದದ್ದೋ ಎಂದು ಅರ್ಥಶಾಸ್ತ್ರ ವಿಚಾರಿಸುವುದಿಲ್ಲ. ನಮ್ಮ ಮನೆ ವಿಚಾರಿಸುತ್ತದೆ. ನನಗೀಗ ಐವತ್ತೆರಡು ವರ್ಷವಾಯಿತು, ನೀರಿನ ಟಾಕಿ, ಮಿಕ್ಸರು, ಇನ್ವರ್ಟರು, ಒಂದು ಹಳೆಯ ಬೆಳ್ಳಿ ಬಣ್ಣದ ಪುಟ್ಟ ಕಾರು, ಹೀಗೆ ನಾನು ಕೊಂಡದ್ದೆಲ್ಲ ಉಪಯೋಗದ ವಸ್ತುಗಳೇ. ಇಂಥ ಮನುಷ್ಯನ ಕಣ್ಣಿಗೆ ಒಂದು ದಿನ ಮೊಬೈಲಿನಲ್ಲಿ ಕಾರ್ಬನ್ ಫೈಬರಿನ ಬಾನೆಟ್ಟು ಬಿತ್ತು. ಕರಿ ದಾರದಲ್ಲಿ ಚಾಪೆ ಹೆಣೆದು ಅದರ ಮೇಲೆ ಎಣ್ಣೆ ಸವರಿದಂತೆ ಫಳಫಳ ಹೊಳೆಯುತ್ತಿತ್ತು. ಕಬ್ಬಿಣದ ಬಾನೆಟ್ಟಿನ ಅರ್ಧ ತೂಕವೂ ಇಲ್ಲವಂತೆ. ಇದು ನನಗೆ ಬೇಕು ಅನ್ನಿಸಿತು. ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲೇ ಇಲ್ಲ, ಅದೇ ಒಂದು ಸುಖ.

ನನ್ನ ಹೆಂಡತಿ ಸುಧಾ ಕೇಳಿದಳು.

"ಅದನ್ನ ಹಾಕಿಸಿದ್ರ ಏನಾಗ್ತದ್ರೀ?"

"ಗಾಡಿ ಹಗರ ಆಗ್ತದ."

"ಹಗರ ಆದ್ರ?"

"ಜೋರ ಓಡ್ತದ."

"ಕಮಲಾಪುರಕ್ಕ ಜೋರ ಹೋಗಿ ಏನ್ ಮಾಡ್ತೀರಿ? ಕಾಲೇಜು ತೆಗಿಯೂದು ಹತ್ತಕ್ಕ. ಗೇಟಿನ ಮುಂದ ನಿಂತು ಗಂಟಿ ಹೊಡೀತೀರೇನು?"

ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ, ಆರ್ಡರ್ ಕೊಟ್ಟುಬಿಟ್ಟೆ. ಬೆಲೆ ಎಷ್ಟು ಎಂದು ಕೇಳಬೇಡಿ, ಹೇಳುವುದಿಲ್ಲ.

ಪೆಟ್ಟಿಗೆ ಬಂದ ದಿನ ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ನಮ್ಮೂರ ಮೋಮಿನಪುರ ಓಣಿಗೆ ಹೋದೆ. ಅಲ್ಲಿ ನನ್ನ ಕಾರಿನ ತಗ್ಗು ಉಬ್ಬುಗಳನ್ನೆಲ್ಲ ವರ್ಷಗಳಿಂದ ತಟ್ಟಿ ಸರಿ ಮಾಡಿಕೊಂಡು ಬಂದ ಉಸ್ತಾದ್ ಇದ್ದಾರೆ. ಅವರು ಬಾನೆಟ್ಟನ್ನು ಎರಡು ಬೆರಳಲ್ಲಿ ಎತ್ತಿದರು, ಉಗುರಿನಿಂದ ಟಕಟಕ ಬಡಿದು ಕಿವಿಗೊಟ್ಟು ಕೇಳಿದರು. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಹಚ್ಚಿ ನೋಡಿದರು. ಅದು ಜಾರಿ ಕೆಳಗೆ ಬಿತ್ತು.

"ಸರ್, ಲೋಹಾ ಇದ್ರ ತಟ್ಟಿ ಸೀದಾ ಮಾಡ್ತೀನಿ. ಇದು ಒಡದ್ರ ಬಿಸಾಡೋದು, ಬಸ್. ಇದಕ್ಕ ಮರಮ್ಮತ್ ಇಲ್ರಿ."

"ಒಡಿಯಲ್ಲ, ಉಸ್ತಾದ್."

"ಬಿಸಿಲಿಗಿ ಹಳದಿ ಆಗ್ತದ ಮತ್ತ. ನಮ್ಮ ಊರಾಗ ಬಿಸಿಲ್ ಬಿಟ್ರ ಏನದ ಸರ್?" ಎಂದು ಹಳೆಯ ಬಾನೆಟ್ಟನ್ನು ಬಿಚ್ಚತೊಡಗಿದರು. ಬಿಚ್ಚಿದ್ದನ್ನು ಗುಜರಿಗೆ ಕೊಡದೆ ಗೋಡೆಗೆ ಆನಿಸಿ ಇಟ್ಟರು. "ಇರ್ಲಿ ಸರ್. ವಾಪಸ್ ಬರ್ತೀರಿ ನೀವು." ಆ ಮಾತಿಗೆ ನನಗೆ ನಿಜವಾಗಿಯೂ ಸಿಟ್ಟು ಬಂತು.

ಕಮಲಾಪುರದಲ್ಲಂತೂ ಕಾಲೇಜಿಗೆ ಕಾಲೇಜೇ ಹೊರಗೆ ಬಂದು ನೋಡಿತು. ಒಬ್ಬರು ಬಾನೆಟ್ಟಿಗೆ ಡಾಂಬರು ಬಳಿದಿರೇನು ಎಂದರು. ಇನ್ನೊಬ್ಬರು ಬೆಂಕಿ ಹತ್ತಿತ್ತೇನು, ಇನ್ಶೂರನ್ಸ್ ಬಂತೇನು ಎಂದು ಅನುಕಂಪದಿಂದ ವಿಚಾರಿಸಿದರು. ಕನ್ನಡ ಕಲಿಸುವ ಬಸವರಾಜ ಸುತ್ತು ಹೊಡೆದು ಬಂದು, "ಉಳದ ಬಣ್ಣ ಯಾವಾಗ ಹಚ್ಚಸ್ತೀರಿ ಸರ್?" ಎಂದ. ಅವನಿಗೆ ಊರ ಹೊರಗೆ ಕೆಂಪು ಬಾಳೆಯ ತೋಟವಿದೆ. ಕಾರ್ಬನ್ ಫೈಬರಿನಿಂದ ಏಳು ಕಿಲೋ ತೂಕ ಇಳಿದಿದೆ ಎಂದು ನಾನು ಅವನಿಗೆ ಸಾವಧಾನವಾಗಿ ವಿವರಿಸಿದೆ. ಅವನು ಅಷ್ಟೇ ಸಾವಧಾನವಾಗಿ ಕೇಳಿ, ಸಂಜೆ ನನ್ನ ಡಿಕ್ಕಿಯಲ್ಲಿ ಒಂದು ಇಡೀ ಬಾಳೆಗೊನೆ ಇಟ್ಟ. "ಜಾಗಾ ಆಗ್ಯಾದಲ್ರಿ ಸರ್, ಒಯ್ರಿ. ಮನಿಗಿ ಬ್ಯಾಡ ಅನಬ್ಯಾಡ್ರಿ." ಕಮಲಾಪುರದಲ್ಲಿ ಕೊಟ್ಟ ಬಾಳೆಹಣ್ಣನ್ನು ಬೇಡ ಎಂದರೆ ಸಂಬಂಧ ಕೆಡುತ್ತದೆ. ಅಂದು ಕಾರು ಮುಂದೆ ಹಗುರಾಗಿ, ಹಿಂದೆ ಮೊದಲಿಗಿಂತ ಭಾರವಾಗಿ ಓಡಿತು.

ಹಾಗಾದರೆ ಕೊಳ್ಳಬೇಕೋ ಬೇಡವೋ ಎಂದು ನೀವು ಕೇಳಿದರೆ ಪ್ರಾಮಾಣಿಕವಾಗಿ ಹೇಳುತ್ತೇನೆ. ಕಾರು ಜೋರಾಗಿ ಓಡಲಿಲ್ಲ. ಪೆಟ್ರೋಲು ಉಳಿಯಲಿಲ್ಲ. ವಾರಕ್ಕೊಮ್ಮೆ ಪಾಲಿಶ್ ಹಚ್ಚಿ ಒರೆಸುವ ಕೆಲಸವೊಂದು ಹೊಸದಾಗಿ ಅಂಟಿಕೊಂಡಿತು. ಉಪಯೋಗ ಎಳ್ಳಷ್ಟೂ ಇಲ್ಲ. ಅದಕ್ಕೇ ಅದು ನನಗೆ ಇಷ್ಟ! ಬೆಳಿಗ್ಗೆ ಚಹಾ ಹಿಡಿದು ಅಂಗಳಕ್ಕೆ ಬಂದು ಅದರ ನೇಯ್ಗೆಯ ಮೇಲೆ ಬೆಳಕು ಹರಿಯುವುದನ್ನು ನೋಡುವಾಗ ನಾನು ಯಾರ ಗಂಡನೂ ಅಲ್ಲ, ಯಾರ ಮೇಷ್ಟ್ರೂ ಅಲ್ಲ. ಯಾವ ಕೆಲಸಕ್ಕೂ ಬಾರದ ಒಂದೇ ಒಂದು ವಸ್ತು ನನ್ನದಾಗಿ ಇರಲಿ ಎಂಬುದು ಅಷ್ಟು ದೊಡ್ಡ ಆಸೆಯೇ? ಇದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವವನಲ್ಲ ಎಂದು ಬಸವರಾಜನಿಗೂ ಉಸ್ತಾದರಿಗೂ ಸುಧಾಳಿಗೂ ಖಡಾಖಂಡಿತವಾಗಿ ಹೇಳಿದ್ದೆ.

ಮಾರ್ಚ್ ಬಂತು. ಒಂದು ಭಾನುವಾರ ಮಧ್ಯಾಹ್ನ ಸುಧಾ ಕಸ ಚೆಲ್ಲಿ ಬರುವಾಗ ಆಯ ತಪ್ಪಿ ಬಾನೆಟ್ಟಿನ ಮೇಲೆ ಕೈಯೂರಿದಳು.

"ಅಯ್ಯಯ್ಯ! ಹಂಚು ಕಾದಂಗ ಕಾದದಲ್ರೀ ಇದು!"

ಕೈಗೆ ಉಫ್ ಎಂದು ಊದಿಕೊಳ್ಳುತ್ತ ಅಲ್ಲೇ ನಿಂತಳು. ಬೈಯುತ್ತಾಳೆಂದು ನಾನು ಉತ್ತರ ಸಿದ್ಧಮಾಡಿಕೊಂಡೆ. ಅವಳು ಬೈಯಲಿಲ್ಲ, ಯೋಚಿಸುತ್ತಿದ್ದಳು. ಮೊಣಕಾಲು ನೋವಿನಿಂದ ಮಾಳಿಗೆ ಹತ್ತಲಾಗದೆ ಎರಡು ವರ್ಷದಿಂದ ಅವಳು ಸಂಡಿಗೆ ಇಡುವುದನ್ನೇ ಬಿಟ್ಟಿದ್ದಳು. ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಹಳೆಯ ಧೋತರ ಬಾನೆಟ್ಟಿನ ಮೇಲೆ ಹಾಸಿತ್ತು, ಅದರ ಮೇಲೆ ಸಾಲಾಗಿ ಏಕಾದಶಿಯ ಸಾಬೂದಾಣಿ ಸಂಡಿಗೆ ಕೂತಿದ್ದವು. ಬಾನೆಟ್ಟು ಇಳಿಜಾರಾಗಿ ಸಂಡಿಗೆ ಜಾರುತ್ತವೆಂದು ಮುಂದಿನ ಗಾಲಿಗಳನ್ನು ಇಟ್ಟಂಗಿಯ ಮೇಲೆ ಹತ್ತಿಸಿ ನಿಲ್ಲಿಸುವ ಕೆಲಸ ನನಗೇ ಬಂತು. ಮಾಳಿಗೆಯಲ್ಲಿ ಎರಡು ದಿನ ಬೇಕಾಗುತ್ತಿದ್ದ ಸಂಡಿಗೆ ಇಲ್ಲಿ ಸಂಜೆಯೊಳಗೆ ಗರಿಗರಿಯಾಗಿ ಒಣಗಿತು. ಸುಧಾಳ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು. ನನಗೆ ಸಂತೋಷವಾಯಿತು, ಹೊಟ್ಟೆ ಉರಿಯಿತು ಕೂಡ.

ಈಗ ಓಣಿಯ ಹೆಂಗಸರು ತಮ್ಮ ಹಪ್ಪಳಕ್ಕೂ ಒಂದು ದಿನ ಕೊಡಿ ಎಂದು ಸರದಿ ಹಚ್ಚಿದ್ದಾರೆ. "ಎಂಥಾ ಉಪಯೋಗದ ಸಾಮಾನು ತಂದಾರ ನಮ್ಮನಿಯವರು" ಎಂದು ಸುಧಾ ಎಲ್ಲರಿಗೂ ಹೇಳುತ್ತಾಳೆ. ನಾನು ಪರೀಕ್ಷೆಯ ಡ್ಯೂಟಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತೇನೆ. ಮೊನ್ನೆ ರಜೆಯಿತ್ತು, ಕಾಗೆ ಕಾಯಲು ಕಾರಿನ ಪಕ್ಕ ಕುರ್ಚಿ ಹಾಕಿ ನನ್ನನ್ನು ಕೂರಿಸಿದ್ದಳು. ತೂಕಡಿಕೆ ಬಂತು. ಎದ್ದಾಗ ಒಂದು ಸಾಲು ಸಂಡಿಗೆ ಇರಲಿಲ್ಲ.

"ಕಾಗಿ ಓಡಸ್ಲಿಕ್ಕೂ ಬರೂದಿಲ್ಲಲ್ರೀ ನಿಮಗ! ನಿಮ್ಮಿಂದ ಏನ್ ಉಪಯೋಗ?" ಎಂದಳು.

ಕೊನೆಗೂ ನಮ್ಮ ಮನೆಯಲ್ಲಿ ಉಪಯೋಗವಿಲ್ಲದ ಒಂದಕ್ಕೆ ಜಾಗ ಸಿಕ್ಕಿತು. ಕುರ್ಚಿ ನೆರಳಿಗೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದೆ.