ಬರಣಿ ಬುಡಾ ನೋಡೂ ಚಟ

ಫಜೀತಿ ಅನ್ನೂದು ನಮ್ಮ ಮನಿ ದಾರಿ ಚಂದಂಗ ಗುರುತ ಇಟಗೊಂಡೈತಿ ನೋಡ್ರಿ. ಓಣ್ಯಾಗ ಎಷ್ಟೋ ಮನಿ ಅದಾವ, ಎಲ್ಲಾ ಬಿಟ್ಟು ನೆಟ್ಟಗ ನಮ್ಮ ಕಟ್ಟಿಗೇ ಬಂದು ಕುಂಡ್ರತೈತಿ. ಅದರಾಗ ನನ್ನ ಕಾಲಿನ ತಪ್ಪೂ ಐತಿ ಅನ್ರಿ. ಒಂದ ಕಡೆ ಕುಂಡ್ರು ಅಂದ್ರ ನನಗ ಕುರ್ಚ್ಯಾಗ ಮುಳ್ಳು ಬಿತ್ತಿದಾಂಗ ಆಗ್ತೈತಿ. ಹುಬ್ಬಳ್ಳಿ ರೈಲ್ವೆ ಗೋದಾಮಿನ್ಯಾಗ ಕಾರಕೂನ ಆಗಿದ್ದೆ. ಕುಂತದ್ದಕ್ಕಿಂತ ಅಡ್ಡಾಡಿದ್ದ ಹೆಚ್ಚು.

ಅಪ್ಪ ತೀರಿಕೊಂಡಿದ್ದ. ಮನ್ಯಾಗ ಅವ್ವ, ನಾನು, ಲಗ್ನಕ್ಕ ಬಂದ ತಂಗಿ. ಆಕಿನ್ನ ಒಂದು ಛಲೋ ಮನಿಗೆ ಕೊಡೂದು ನನ್ನ ಹೆಗಲಿಗೆ ಬಿದ್ದಿತ್ತು. ಸರಿಯಾಗಿ ಅದ ಹೊತ್ತಿನ್ಯಾಗ ನನಗ ಹಳೇ ಗಾಜಿನ ಬರಣಿ ಕೂಡಿಸೂ ಹುಚ್ಚು ಹತ್ತಬೇಕ?

ವಿಭೂತಿ ಹಚ್ಚಿಕೊಂಡ ಬರಣಿ

ರೈಲ್ವೆದ ಒಬ್ಬ ದೊಡ್ಡ ಸಾಹೇಬ ನೌಕರಿ ಮುಗಿಸಿ ವಿಲಾಯತಿಗೆ ಹೊಂಟಿದ್ದ. ಅವನ ಬಂಗಲೆ ಸಾಮಾನು ಲಿಲಾವಿಗೆ ಬಂದ್ವು. ಮಂದಿ ಕುರ್ಚಿ, ಪಲಂಗದ ಮ್ಯಾಲೆ ಮುಗಿಬಿದ್ದರು. ನಿಂತಲ್ಲೆ ನಿಲ್ಲಾಕ ಆಗದೇ ನಾ ಅಡಗಿಮನಿ ಕಡೆ ಹೋದೆ. ಅಲ್ಲಿ ಒಂದು ಬರಣಿ ಕಂಡೆ. ಸಣ್ಣಂಗ ಹಸರು ಛಾಯಾದ ಗಾಜು, ಮುಚ್ಚಳಾನೂ ಗಾಜಿಂದ, ನಡುವ ರಬ್ಬರಿನ ಬಳಿ, ಬಿಗಿಯಾಕ ತಂತಿ ಕೊಂಡಿ. ಹಣ್ಣು ಬೇಯಿಸಿ ಇದರಾಗ ತುಂಬಿ ಮುಚ್ಚಿಟ್ರ ವರ್ಷಾನುಗಟ್ಟಲೆ ಕೆಡೂದಿಲ್ಲ ಅಂತ ಅಲ್ಲಿದ್ದ ಬಟ್ಲರ್ ಹೇಳಿದ. ಬಿಸಲಿಗೆ ಹಿಡದು ನೋಡಿದೆ, ಗಾಜಿನೊಳಗ ಸಣ್ಣ ಸಣ್ಣ ಗುಳ್ಳಿ. ತಗೊಂಡ ಬಿಟ್ಟೆ.

ಮನ್ಯಾಗ ಅವ್ವ ಹೊಸ್ತಲದಾಗ ತಡದಳು.

"ಇದರಾಗ ಸಾಹೇಬರು ಏನ ಇಟ್ಟಿದ್ದರು?"

"ಹಣ್ಣವ್ವಾ."

"ನೀ ಇಣುಕಿ ನೋಡಿದ್ಯೇನು? ಅವರು ಏನೇನ ತಿಂತಾರೋ ಆ ಶಿವನಿಗೇ ಗೊತ್ತು! ಹಿತ್ತಲದಾಗ ಇಡು."

ಬೂದಿ ಹಾಕಿ ತಿಕ್ಕಿದಳು, ಹುಣಸಿ ಹಣ್ಣು ಹಾಕಿ ತಿಕ್ಕಿದಳು, ಬಿಸಲಿಗೆ ಬೋರಲ ಹಾಕಿದಳು. ಆದ್ರೂ ಸಮಾಧಾನ ಆಗಲಿಲ್ಲ. ಕಡೀಕೆ ದೇವರ ಜಗಲಿಯಿಂದ ವಿಭೂತಿ ತಂದು ಬರಣಿ ಹೊಟ್ಟಿಗೆ ಮೂರು ಬಟ್ಟು ಎಳದು, "ಈಗ ಒಳಗ ಬರಲಿ" ಅಂದಳು. ಇನ್ನ ಅಯ್ಯನವರನ್ನ ಕರಿಸಿ ಅದಕ್ಕ ಲಿಂಗಾ ಕಟ್ಟಿಸೂದೊಂದ ಬಾಕಿ ಉಳಿದಿತ್ತು.

ಹೊಟ್ಟಿ ಮ್ಯಾಲಿನ ಇಸವಿ

ಅಲ್ಲಿಂದ ಶುರು ಆತು. ಬೆಂಗೇರಿ ಸಂತಿ ಇರ್ಲಿ, ಹಳೇ ಸಾಮಾನಿನ ಮೋಡಕಾ ಅಂಗಡಿ ಇರ್ಲಿ, ಕೂತ್ರ ಬರಣಿ, ನಿಂತ್ರ ಬರಣಿ. ಒಂದರ ಹೊಟ್ಟಿ ಮ್ಯಾಲೆ ಇಂಗ್ಲೀಷ ಅಕ್ಷರ ಉಬ್ಬಿದ್ದವು, ಕೆಳಗೊಂದು ಇಸವಿ. ನಮ್ಮ ಅಜ್ಜ ಹುಟ್ಟೂಕಿಂತ ಮದಲಿನ ಇಸವಿ! ಕಚೇರ್ಯಾಗ ಕಂಡಕಂಡವರಿಗೆಲ್ಲ ಹೇಳಿಕೋತ ತಿರಗಿದೆ. ಉಣಕಲ್ ಕಡೆ ಒಬ್ಬ ಪಿನಶನ್ ಆದ ಗೋವಾದ ಗಾರ್ಡ್ ಸಾಹೇಬ ಇದ್ದ, ಇಂಥಾವನ್ನ ಬಲ್ಲಾವ ಅಂತ ಕೇಳಿ ಓಡಿದೆ.

ಅವ ಇಸವಿ ಕಡೆ ಹೊಳ್ಳಿ ಸೈತ ನೋಡಲಿಲ್ಲ. ಬರಣಿ ಕುತಗಿಗೆ ಉಗರು ಹಚ್ಚಿ ಎಳದ.

"ಇಲ್ಲಿ ಗೆರಿ ನೋಡ್ರಿ. ಅಚ್ಚಿನ ಗೆರಿ ಬಾಯಿ ತನಕ ಏರೇತಿ. ಅಂದ್ರ ಮಿಷನ್ ಮಾಡಿದ್ದು, ನಿನ್ನೆ ಮೊನ್ನಿಂದು. ಹಳೇದಾದ್ರ ಗಾಜಿನ್ಯಾಗ ಗುಳ್ಳಿ ಇರ್ತಾವ, ಗೆರಿ ಕುತಗಿ ಕೆಳಗ ನಿಂದರತೈತಿ, ಬಾಯಿ ಕೈಲೆ ತಿದ್ದಿರತಾರ. ಅದಕ್ಕಿಂತ ಹಳೇದಾದ್ರ ಬುಡದಾಗ ಗಾಯ ಇರ್ತೈತಿ, ಬಾಯಿ ತಿದ್ದುವಾಗ ಬುಡಕ್ಕ ಹಚ್ಚಿದ ಕಬ್ಬಿಣದ ಸಳಿಯಿಂದ ಮುರದು ಬಿಡಿಸಿದ್ದು."

"ಮತ್ತ ಈ ಇಸವಿರಿ?"

"ಅದು ಆ ನಮೂನಿ ಮುಚ್ಚಳಾ ಮದಲ ಕಂಡುಹಿಡದವನ ಇಸವಿ. ನಿಮ್ಮ ಪ್ಯಾಟ್ಯಾಗ ಅಂಗಡಿ ಬೋರ್ಡಿಗೆ ಅಜ್ಜನ ಹೆಸರು ಇರ್ತೈತಲ್ಲ, ಗಲ್ಲಾದ ಮ್ಯಾಲೆ ಕುಂತಾವ ಅಜ್ಜನೇನು?"

ಮುಖಾ ಸಣ್ಣದಾತು. ಆದ್ರ ಹೊಸಾ ಚಟ ಹತ್ತಿತು: ಕಂಡದ್ದರ ಕುತಗಿ ಸವರೂದು, ಬುಡಾ ಎತ್ತಿ ನೋಡೂದು. ಅಂಗಡ್ಯಾಗ ಒಂದು ಪೆಪ್ಪರಮೆಂಟಿನ ಬರಣಿ ಬುಡಾ ನೋಡಾಕ ಹೋಗಿ ಮುಚ್ಚಳಾ ಕಳಚಿತು. ಓಣಿ ಹುಡುಗೂರು ಮಾತ್ರ ಇವತ್ತಿಗೂ ನನಗ ದೊಡ್ಡ ದಾನಿ ಅಂತಾರ.

ಖಾಲಿ ಮಾಡಿ ತಂದೀನ್ರಿ

ಧಾರವಾಡದಿಂದ ತಂಗಿನ್ನ ನೋಡಾಕ ಬಂದರು. ಬಾಳ ನೇಮಸ್ಥರ ಮನಿ, ಎಲ್ಲಾರ ಹಣಿ ತುಂಬ ವಿಭೂತಿ. ಬರಣಿ ಎಲ್ಲಾ ಅಟ್ಟಕ್ಕ ಹಾಕು ಅಂತ ಅವ್ವ ಬಡಕೊಂಡಿದ್ದಳು. ನಾ ಕೇಳಲಿಲ್ಲ. ಪಡಸಾಲಿ ಗೂಡಿನ್ಯಾಗ ಬಿಸಲು ಬಿದ್ದು ಅವು ಫಳಫಳ ಹೊಳಿಯಾಕತ್ತಿದ್ದವು. ಹುಡುಗನ ಅಪ್ಪ ಎದ್ದು ಹೋಗಿ ಒಂದರ ಮುಚ್ಚಳಾ ತಗದು ಮೂಸಿ ನೋಡಿದ.

"ಇವೇನ್ರಿ?"

"ಹಳೇವ್ರಿ. ಹಳೇದಾದಷ್ಟು ಛಲೋ."

"ದಿನಾ ತರ್ತೀರೇನು?"

"ದಿನಾ ಎಲ್ಲೀದ್ರಿ, ಸಿಕ್ಕಾಗ ಬಿಡೂದಿಲ್ಲ."

ಹಿರ್ಯಾ ಮತ್ತೊಂದು ಮಾತು ಕೇಳೂದ್ರಾಗ ಬಾಗಲದಾಗ ಗಾರ್ಡ್ ಸಾಹೇಬ ಬಂದು ನಿಂತ. ತಲಿ ಮ್ಯಾಲೆ ಹ್ಯಾಟು, ಎರಡೂ ಬಗಲಾಗ ಒಂದೊಂದು ಬರಣಿ, ಮುಖದ ತುಂಬ ನಗಿ.

"ನಿಮ್ಮ ಸಲುವಾಗಿ ರಾತ್ರೆಲ್ಲ ಕುಂತು ಎರಡೂ ಖಾಲಿ ಮಾಡಿ ತಂದೀನ್ರಿ!"

ಪಾಪ, ಅವ ಖಾಲಿ ಮಾಡಿದ್ದು ಸೆರೆ ಅಲ್ಲ, ಪೇರಲ ಹಣ್ಣಿನ ಮುರಬ್ಬಾ. ಅದನ್ನ ಹೇಳೂದಕ್ಕ ಪಡಸಾಲ್ಯಾಗ ಧಾರವಾಡದವರು ಯಾರೂ ಉಳಿದಿರಲಿಲ್ಲ. ತಂಗಿ ತಂದಿಟ್ಟ ಉಪ್ಪಿಟ್ಟು ಹಬಿ ಆಡಾಕತ್ತಿತ್ತು. ಅವ್ವ ಸೆರಗು ಬಾಯಿಗೆ ಹಿಡದು ಅತ್ತಳು. ಗಾರ್ಡ್ ಸಾಹೇಬ ಒಬ್ಬನ ಕುಂತು, "ಉಪ್ಪಿಟ್ಟು ಭಾಳ ಛಲೋ ಆಗೇತ್ರಿ" ಅಂದ.

ಮನಿ ನೋಡೂದು

ಮುಂದ ಉಪ್ಪಿನಬೆಟಗೇರಿಯ ಒಕ್ಕಲಮನಿಯವರು ಬಂದರು. ಆ ಸರ್ತೆ ಅವ್ವ ಬರಣಿಗೋಳನ್ನ ತಾನ ಅಟ್ಟಕ್ಕ ಏರಿಸಿದ್ದಳು. ಹುಡುಗನ ಅಪ್ಪ, ಅತ್ತಿ ಬಂದು ತಂಗಿನ್ನ ಒಪ್ಪಿದರು. ಆದ್ರ ಹುಡುಗಿಗೆ ತಂದಿ ಇಲ್ಲ, ನಾಳೆ ಕೇಳೂವರು ಯಾರು ಅಂತ ಅವರ ಮನ್ಯಾಗ ಅನುಮಾನ ಇತ್ತಂತ. ಇನ್ನ ನಾವು ಹೋಗಿ ಅವರ ಮನಿ, ಹುಡುಗನ್ನ ನೋಡಿ ಬಂದ್ರ ಮಾತು ಪಕ್ಕಾ. ಹೊಂಡುವಾಗ ಅವ್ವ ಕೈ ಮುಗದಳು, "ನಿನ್ನ ಕಾಲಿಗೆ ಬೀಳ್ತೇನಿ ತಮ್ಮಾ, ಅಲ್ಲಿ ಯಾವದೂ ಮುಟ್ಟಬ್ಯಾಡ. ಇದೂ ಹ್ವಾದ್ರ ನಿನ್ನ ತಂಗಿ ಮುಖಾ ನೋಡಾಕ ಆಗೂದಿಲ್ಲ."

ಖರೇ ಹೇಳ್ತೇನಿ, ನಾ ಎರಡೂ ಕೈ ಬಗಲಾಗ ಇಟಗೊಂಡ ಹೋದೆ. ಸೋದರಮಾವ ಜೋಡಿಗಿದ್ದ. ಹೊಲಾ ತೋರಿಸಿದರು, ಎತ್ತು ತೋರಿಸಿದರು, ಕಾಳು ತುಂಬೂ ಹಗೇವು ತೋರಿಸಿದರು. ಎಲ್ಲಾದಕ್ಕೂ ಗೋಣು ಹಾಕಿದೆ. ಊಟಕ್ಕ ಕುಂತ್ವಿ. ಹುಡುಗನ ಅಪ್ಪ ನನ್ನ ಮಗ್ಗಲಕ್ಕ ಕುಂತ. ರೊಟ್ಟಿ, ಎಣ್ಣಿಗಾಯಿ, ಹೋಳಿಗಿ ಬಂದ್ವು. ಆಮ್ಯಾಲೆ ಮಾವಿನಕಾಯಿ ಉಪ್ಪಿನಕಾಯಿ ಬಂತು, ಗಾಜಿನ ಬರಣ್ಯಾಗ!

ಕುತಗಿ ಮ್ಯಾಲೆ ಗೆರಿ ಇಲ್ಲ. ಗಾಜಿನ್ಯಾಗ ಗುಳ್ಳಿ. ಬಾಯಿ ಸೊಟ್ಟ. ತಡಕೊಂಡೆ, ದೇವರಾಣಿ ತಡಕೊಂಡೆ. ಆದ್ರ ಕೈ ನನ್ನ ಮಾತು ಕೇಳಬೇಕಲ್ಲ? ಬರಣಿ ಎತ್ತಿದೆ, ಬುಡಾ ಮ್ಯಾಲೆ ಮಾಡಿದೆ.

"ಐತಿ! ಗಾಯ ಐತಿ!" ಅಂತ ಚೀರಿದೆ.

ಮಾವ ತೊಡಿ ಚಿವುಟಿದಾಗ ಕೆಳಗ ನೋಡಿದೆ. ಉಪ್ಪಿನಕಾಯಿ ಎಣ್ಣಿ ಹಿರ್ಯಾರ ಬಿಳೇ ಧೋತರದ ಮ್ಯಾಲೆ ಕೆಂಪಗ ಹರದು ಮೊಳಕಾಲು ದಾಟಿತ್ತು. ಮುಗೀತು, ತಂಗಿ ಲಗ್ನ ನನ್ನ ಕೈಲೇ ಮುಗೀತು ಅನಕೊಂಡೆ.

"ಏನ್ ನೋಡಿದ್ರಿ?" ಅಂತ ಹಿರ್ಯಾ ಕೇಳಿದ.

"ಬುಡಾ ನೋಡಿದ್ನಿರಿ" ಅಂದೆ.

ಹಿರ್ಯಾ ಧೋತರ ಝಾಡಿಸಿ ಗಹಗಹಿಸಿ ನಕ್ಕ. "ಮನಿ ನೋಡಾಕ ಬಂದಾವರು ಹೊಲಾ ನೋಡ್ತಾರ, ಎತ್ತು ನೋಡ್ತಾರ. ಉಪ್ಪಿನಕಾಯಿ ಬರಣಿ ಬುಡಾ ಸೈತ ನೋಡಿ ತಂಗಿನ್ನ ಕೊಡೂ ಅಣ್ಣನ್ನ ಇವತ್ತ ಕಂಡೆ ನೋಡ್ರಪಾ! ತಂದಿ ಇಲ್ಲ ಅಂತ ಯಾರ ಅಂದವರು? ಇಷ್ಟು ಕಾಳಜಿ ಯಾವ ತಂದಿ ಮಾಡ್ತಾನ? ಎಲಿ ಅಡಕಿ ತರ್ರಿ, ಮಾತು ಪಕ್ಕಾ."

ನನ್ನ ಕಣ್ಣಾಗ ನೀರು ಬಂತು. ಖಾರ ಅಲ್ಲ, ಖರೇನ ಅತ್ತೆ.

ಮಾವ ಧಾರವಾಡದಾಗ ತನ್ನ ಮನಿಗೆ ಇಳಕೊಂಡ. ನಾ ಒಬ್ಬನ ಹುಬ್ಬಳ್ಳಿಗೆ ಬಂದು, ಎದಿ ಉಬ್ಬಿಸಿ ಎಲ್ಲಾ ಹೇಳಿದೆ. ಅವ್ವ ಹಣಿ ಬಡಕೊಂಡಳು, ನಕ್ಕಳು, ದೇವರಿಗೆ ದೀಪಾ ಹಚ್ಚಿದಳು. ತಂಗಿ ಬಾಗಲ ಮರಿಗೆ ನಿಂತು, ಕಾಲಬೆರಳಿಂದ ನೆಲಾ ಗೀರಿಕೋತ ಮೆಲ್ಲಕ ಕೇಳಿದಳು:

"ಅಣ್ಣಾ, ಹುಡುಗ ಹೆಂಗದಾನ?"

ನಾ ಬಾಯಿ ತಗದೆ. ಎತ್ತರೋ ಗಿಡ್ಡೋ, ಕಪ್ಪೋ ಕೆಂಪೋ, ಮೀಸಿ ಇತ್ತೋ ಇಲ್ಲೋ, ಒಂದೂ ಕಣ್ಣ ಮುಂದ ಬರವಲ್ದು. ಉಪ್ಪಿನಕಾಯಿ ಬಡಿಸಿದಾವ ಅವನೇ ಇದ್ದ. ಬರಣಿ ಹಿಡದ ಎರಡು ಕೈ ಅಷ್ಟ ನಾ ನೋಡಿದ್ದು.

"ಕೈ ಛಲೋ ಅದಾವ" ಅಂದೆ.

ತಂಗಿ ಕಣ್ಣು ತುಂಬಿ ಬಂದ್ವು. ನಾ ಟೊಪಗಿ ಹಾಕ್ಕೊಂಡು ಎದ್ದ ನಿಂತೆ. "ಅಳಬ್ಯಾಡ ನಮ್ಮವ್ವಾ, ನಾಳೆ ಮುಂಜಾನೆದ್ದು ಹೋಗಿ ಅವನ್ನ ಪೂರ್ತಿ ನೋಡಿಕೊಂಡು ಬರ್ತೇನಿ."

ಒಳಗಿಂದ ಅವ್ವ ಕೂಗಿದಳು: "ಹೋಗು ಮಾರಾಯಾ, ಆದ್ರ ಅವನ್ನರೆ ತಲಿ ಕೆಳಗ ಮಾಡಿ ನೋಡಬ್ಯಾಡ!"