ಕಾಗಾಲದವರು ಒತ್ತಿದ ಜಾಹೀರಾತುಗಳು

ನನ್ನ ಬರವಣಿಗೆಯಿಂದ ಇದುವರೆಗೆ ಯಾರಿಗಾದರೂ ಆದಾಯ ಬಂದಿದ್ದರೆ ಅದು ಅಂಚೆ ಇಲಾಖೆಗೆ ಮಾತ್ರ. ಕಾಲೇಜಿನ ದಿನಗಳಿಂದಲೂ ಪ್ರಬಂಧಗಳನ್ನು ಲಕೋಟೆಯಲ್ಲಿ ಹಾಕಿ, ವಾಪಸು ಬರಲಿಕ್ಕೆ ಅಂಚೆಚೀಟಿ ಹಚ್ಚಿದ ಇನ್ನೊಂದು ಲಕೋಟೆಯನ್ನೂ ಜೊತೆಗಿಟ್ಟು ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಹೋಗುವಾಗಲೂ ನನ್ನದೇ ಖರ್ಚು, ಬರುವಾಗಲೂ ನನ್ನದೇ ಖರ್ಚು. ಅಪ್ಪಿತಪ್ಪಿ ಒಂದು ಅಚ್ಚಾದರೆ ‘ಗೌರವ ಪ್ರತಿ’ ಎಂದು ಮುದ್ರೆ ಒತ್ತಿದ ಸಂಚಿಕೆ ಮನೆಗೆ ಬರುತ್ತಿತ್ತು. ಗೌರವ ಒಳ್ಳೆಯದೇ, ಆದರೆ ಅದನ್ನು ಕೊಟ್ಟು ಅರ್ಧ ಡಜನ್ ಬಾಳೆಹಣ್ಣು ತರಲಿಕ್ಕಾಗುವುದಿಲ್ಲ. ನಮ್ಮನೆಯವರು ಕುಮಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಲೋಕದ ಕೆಲಸಗಳೆಲ್ಲ ಎರಡೇ ಬಗೆ: ಬಿಲ್ ಆಗುವಂಥದ್ದು, ಬಿಲ್ ಆಗದಂಥದ್ದು. ನಾನು ಬರೆಯಲು ಕೂತಾಗೆಲ್ಲ ಅವರು ನನ್ನನ್ನು ನೋಡುವುದು, ಅಂಗಡಿಗೆ ಬಂದು ಮೊಳೆಗಳನ್ನೆಲ್ಲ ಮುಟ್ಟಿ ನೋಡಿ ಏನೂ ಕೊಳ್ಳದೆ ಹೋಗುವ ಗಿರಾಕಿಯನ್ನು ನೋಡುವ ಹಾಗೆ. ಹೀಗಾಗಿ ಐವತ್ತರ ಹತ್ತಿರ ಬಂದರೂ ನನ್ನದು ಒಂದೇ ಹಟ ಉಳಿದಿತ್ತು. ನಾನು ಬರೆದದ್ದಕ್ಕೆ, ಬರೀ ಬರೆದದ್ದಕ್ಕೆ, ಜೀವಮಾನದಲ್ಲಿ ಒಂದು ಸಲವಾದರೂ ಯಾರಾದರೂ ಏನಾದರೂ ಕೊಡಬೇಕು. ಎಷ್ಟು ಕೊಟ್ಟರೂ ಸರಿ.

ಬ್ಲಾಗ್ ಶುರುವಾದದ್ದು ಈ ಹಟದಿಂದಲೇ. ನಾನು ಹೊನ್ನಾವರದ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುವವಳು. ದಿನಾ ಕುಮಟೆಯಿಂದ ಬಸ್ಸು. ಬಸ್ಸಿನಲ್ಲಿ ಕಂಡದ್ದು, ಕೇಳಿದ್ದು, ಪಕ್ಕದವರು ನನ್ನ ಹೆಗಲ ಮೇಲೆ ಮಲಗಿ ಗೊರಕೆ ಹೊಡೆದದ್ದು ಎಲ್ಲವನ್ನೂ ಬರೆದು ‘ಕಿಟಕಿ ಬದಿ ಸೀಟು’ ಎಂಬ ಹೆಸರಿನಲ್ಲಿ ಹಾಕತೊಡಗಿದೆ. ಕಿಟಕಿ ಬದಿ ಸೀಟು ನನಗೆ ಬಸ್ಸಿನಲ್ಲಿ ಸಿಕ್ಕಿದ್ದು ಕಡಿಮೆ, ಅದಕ್ಕೇ ಬ್ಲಾಗಿನಲ್ಲಿ ಇಟ್ಟುಕೊಂಡೆ. ಆಮೇಲೆ ಒಂದು ವಿಡಿಯೋ ನೋಡಿದೆ. ಕೋಟು ಹಾಕಿದ ಯುವಕನೊಬ್ಬ ಬ್ಲಾಗಿನ ಮೈಮೇಲೆ ಜಾಹೀರಾತು ಹಾಕಿಸಿಕೊಂಡರೆ ನೀವು ಮಲಗಿದಾಗಲೂ ದುಡ್ಡು ಬರುತ್ತದೆ ಎಂದು ಕೂಗಿ ಹೇಳುತ್ತಿದ್ದ. ಮಲಗಿದಾಗ ನನಗೆ ಅಲ್ಲಿಯತನಕ ಬಂದದ್ದು ಸೊಳ್ಳೆ ಮಾತ್ರ. ನಾನು ಅಂದೇ ಅರ್ಜಿ ಹಾಕಿದೆ. ಜಾಹೀರಾತು ಕಂಪನಿಯವರು ಎಷ್ಟೋ ದಿನ ಕಾಯಿಸಿ ಒಪ್ಪಿಕೊಂಡರು. ಒಪ್ಪಿಗೆಯ ಮೇಲ್ ಬಂದ ದಿನ ನಾನು ಸೊಸೈಟಿಯ ಕೌಂಟರಿನಲ್ಲೇ ಸಣ್ಣದೊಂದು ಕುಣಿತ ಹಾಕಿದ್ದನ್ನು ಠೇವಣಿ ಇಡಲು ಬಂದ ಹಿರಿಯರೊಬ್ಬರು ನೋಡಿ, ಠೇವಣಿ ಇಡುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತರು.

ಯಾವ ಬರಹಕ್ಕೆ ಯಾವ ಜಾಹೀರಾತು ಎಂಬುದನ್ನು ಅಲ್ಲಿ ಯಂತ್ರವೇ ತೀರ್ಮಾನಿಸುತ್ತದಂತೆ. ಗೊರಕೆಯ ಪ್ರಬಂಧದ ಕೆಳಗೆ ಅದು ಹಾಸಿಗೆ ಮಾರಿತು. ಸರಿಯಾಗಿದೆ ಅಂದುಕೊಂಡೆ. ಒಣಮೀನಿನ ಬಗ್ಗೆ ಮೈಮರೆತು ಬರೆದದ್ದರ ಕೆಳಗೆ ಕೋಣೆಗೆ ಸಿಂಪಡಿಸುವ ಮಲ್ಲಿಗೆ ವಾಸನೆಯ ಡಬ್ಬಿ ಬಂತು. ಅದನ್ನೂ ಸಹಿಸಿಕೊಂಡೆ. ಆದರೆ ನಮ್ಮನೆಯವರು ಪೇಟೆಗೆ ಹೋಗಿ ಹೇಳಿದ ಸಾಮಾನು ಬಿಟ್ಟು ಉಳಿದದ್ದನ್ನೆಲ್ಲ ತರುವ ಬಗ್ಗೆ ನಾನು ಒಂದು ತಮಾಷೆಯ ಪ್ರಬಂಧ ಬರೆದರೆ, ಅದರ ನಟ್ಟನಡುವೆ ‘ಬಾಳಿಗೊಬ್ಬ ತಕ್ಕ ಸಂಗಾತಿ ಬೇಕೆ? ಇಂದೇ ನೋಂದಾಯಿಸಿ’ ಎಂಬ ಚೌಕ ಮೂಡಿತು. ನಮ್ಮನೆಯವರು ನನ್ನ ಬ್ಲಾಗನ್ನು ಓದಿದ್ದು ಅದೊಂದೇ ದಿನ. “ಎಂತ, ನೋಂದಣಿ ಆತಾ?” ಎಂದು ಒಂದು ವಾರ ಕೇಳಿದರು.

ಇನ್ನೊಂದು ದಾರಿಯೂ ಇತ್ತು. ಯಾವುದಾದರೂ ಸಾಮಾನನ್ನು ಹೊಗಳಿ ಬರೆದು ಕೆಳಗೆ ಅದರ ಕೊಂಡಿ ಹಾಕುವುದು. ಓದಿದವರು ಆ ಕೊಂಡಿ ಹಿಡಿದು ಹೋಗಿ ಕೊಂಡರೆ ನಮಗೆ ಕಮಿಷನ್. ನಾನು ಸುಂಗ್ಟಿ ಸಾರಿನ, ಅಂದರೆ ಸೀಗಡಿ ಸಾರಿನ, ಪ್ರಬಂಧ ಬರೆದು, ಸಾರಿನ ಪ್ರಾಣ ಇರುವುದು ಕಾಯಿ ತುರಿಯಲ್ಲಿ, ತುರಿಯ ಪ್ರಾಣ ಇರುವುದು ತುರಿಮಣೆಯಲ್ಲಿ ಎಂದು ಏರಿಸಿ ಏರಿಸಿ ಹೇಳಿ, ಕೆಳಗೆ ಒಂದು ಸ್ಟೀಲಿನ ತುರಿಮಣೆಯ ಕೊಂಡಿ ಹಾಕಿದೆ. ಪರಿಣಾಮ ಅದ್ಭುತವಾಗಿತ್ತು. ಮರುವಾರ ಭಟ್ಕಳದಿಂದ ನಾದಿನಿ ಶೈಲಾ ಫೋನ್ ಮಾಡಿದಳು.

“ಅತ್ತಿಗೆ, ನೀವು ಬರ್ದಿದ್ದು ಓದಿ ತಡೀಲಿಕ್ಕೇ ಆಗ್ಲಿಲ್ಲ. ತುರಿಮಣೆ ತಕಂಡೆ.”

“ಕೊಂಡಿ ಒತ್ತಿ ತಕಂಡ್ಯಾ?” ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

“ಕೊಂಡಿ ಎಂತಕ್ಕೆ? ನೀವು ಹಾಕಿದ ತುರಿಮಣೆ ಫೋಟೋ ತೋರ್ಸಿ ಇಲ್ಲೇ ಪೇಟೇಲಿ ತಕಂಡೆ. ಅದಕ್ಕಿಂತ ಕಡಿಮೆಗೆ ಕೊಟ್ರು. ನಮ್ಮ ಕೇರಿಯವ್ರೆಲ್ಲ ತಕಂಡ್ರು. ಅಂಗಡಿಯವ್ರಿಗೆ ಬಾಳ ಖುಷಿ. ನಿಮಗೆ ಕೊಡಿ ಅಂತ ಚಾ ಸೋಸುವ ಜರಡಿ ಒಂದು ಪುಕ್ಕಟೆ ಕೊಟ್ಟಿದ್ದಾರೆ.”

ಜರಡಿ ಬಂತು. ಅದರಲ್ಲಿ ಚಾ ಸೋಸಿ ಕುಡಿಯುತ್ತಾ ಯೋಚಿಸಿದೆ. ಜರಡಿ ಸಿಕ್ಕಿದ್ದು ತುರಿಮಣೆ ಮಾರಿಸಿದ್ದಕ್ಕೆ, ಬರೆದದ್ದಕ್ಕಲ್ಲ. ನನ್ನ ಹಟ ಹಾಗೆಯೇ ಉಳಿಯಿತು.

ಆ ದಿನಗಳಲ್ಲೇ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟವಾಗಿ ಎಲ್ಲರೂ ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಕಾಗಾಲದ ಚಿಕ್ಕಪ್ಪ, ನನ್ನ ಅಪ್ಪನ ತಮ್ಮ, ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಕೇಳಿದ, “ತಂಗಿ, ನಿಂದು ಆ ಬರೆಯುದ್ರಲ್ಲಿ ದುಡ್ಡು ಬರುದು ಹೆಂಗೆ?” ಇಡೀ ನೆಂಟರ ಬಳಗದಲ್ಲಿ ನನ್ನ ಬರವಣಿಗೆಯ ಬಗ್ಗೆ ಪ್ರಶ್ನೆ ಕೇಳಿದ ಮೊದಲನೆಯವನು ಅವನು. ನಾನು ಉಬ್ಬಿಹೋಗಿ ವಿವರವಾಗಿ ತಿಳಿಸಿದೆ. ಬರಹದ ನಡುವೆ ಜಾಹೀರಾತು ಬರುತ್ತದೆ. ಓದಿದವರು ಮನಸ್ಸಾಗಿ ಅದನ್ನು ಒತ್ತಿದರೆ ನನಗೆ ಚೂರು ಬರುತ್ತದೆ. ಚೂರು ಚೂರು ಕೂಡಿ ಒಂದು ಗಡಿ ಮುಟ್ಟಿದ ಮೇಲೆ ಕಂಪನಿ ಬ್ಯಾಂಕಿಗೆ ಹಾಕುತ್ತದೆ.

“ಒತ್ತಿದವ್ರಿಗೆ ಖರ್ಚು ಎಂತ?” ಎಂದು ಚಿಕ್ಕಪ್ಪ ಕೇಳಿದ.

“ಏನೂ ಇಲ್ಲ.”

“ಆತು” ಎಂದ ಚಿಕ್ಕಪ್ಪ. ಶೈಲಾ ಕೂಡ “ಆತು” ಎಂದಳು. ನಮ್ಮ ಕಡೆ ಈ ‘ಆತು’ ಎಷ್ಟು ದೊಡ್ಡ ಮಾತು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಮದುವೆ ಗೊತ್ತಾಗುವುದೂ, ಜಾಗ ಕೈ ಬದಲಾಗುವುದೂ ಇದೇ ಮಾತಿನ ಮೇಲೆ.

ಮುಂದಿನ ವಾರದಿಂದ ನನ್ನ ಬ್ಲಾಗಿನ ಅಂಕಿಗಳು ಹುಚ್ಚೆದ್ದು ಏರತೊಡಗಿದವು. ಓದುಗರು ಯಾವ ಊರಿನವರು ಎಂದು ತೋರಿಸುವ ಪುಟವೊಂದಿದೆ. ಅದರಲ್ಲಿ ಕುಮಟೆ, ಭಟ್ಕಳ, ಅಷ್ಟೇ ಅಲ್ಲ, ದುಬೈ! ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಸ್ಸಿನ ಗೊರಕೆ ಕಡಲು ದಾಟಿ ದುಬೈ ಮುಟ್ಟಿತಲ್ಲ! ಓದುಗರೊಬ್ಬರು ಪ್ರಬಂಧದ ಮೇಲೆ ಕೆಲವೇ ಸೆಕೆಂಡು ನಿಲ್ಲುತ್ತಾರೆ ಎಂದೂ ಅದೇ ಪುಟ ತೋರಿಸುತ್ತಿತ್ತು. ನಾನು ಅದನ್ನು ನಮ್ಮ ಜನರ ಓದಿನ ವೇಗ ಎಂದು ತಿಳಿದು ಹೆಮ್ಮೆಪಟ್ಟೆ. ನನ್ನ ನಡಿಗೆ ಬದಲಾಯಿತು. ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದು ಮಾತಾಡುವುದು ಕಲಿತೆ. ಬಸ್ಸಿನಲ್ಲಿ ಪಕ್ಕದವರು ಹೆಗಲ ಮೇಲೆ ಒರಗಿದರೆ, ಪಾಪ, ತಾವು ಯಾರ ಹೆಗಲ ಮೇಲೆ ಮಲಗಿದ್ದೇವೆಂದು ಇವರಿಗೆ ತಿಳಿಯದಲ್ಲ ಎಂದು ಮರುಕಪಟ್ಟೆ. ಗಡಿ ಮುಟ್ಟಲು ಇನ್ನು ಸ್ವಲ್ಪವೇ ಉಳಿದಿತ್ತು. ನಮ್ಮನೆಯವರಿಗೂ ಹೇಳಿಯಾಗಿತ್ತು. ಅವರು ಮೊದಲ ಬಾರಿಗೆ ನಾನು ಬರೆಯುವಾಗ ಟಿವಿಯ ಸದ್ದು ಕಡಿಮೆ ಮಾಡಿದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಸಿಕ್ಕಿಲ್ಲ.

ಆಗ ಆ ಮೇಲ್ ಬಂತು. ನಿಮ್ಮ ಬ್ಲಾಗಿನಲ್ಲಿ ಅಸಹಜವಾದ ಕ್ಲಿಕ್ಕುಗಳು ಕಂಡುಬಂದಿವೆ, ಖಾತೆಯನ್ನು ನಿಲ್ಲಿಸಿದ್ದೇವೆ, ಕೂಡಿದ್ದ ಹಣವನ್ನು ಜಾಹೀರಾತುದಾರರಿಗೆ ಹಿಂತಿರುಗಿಸುತ್ತೇವೆ, ಏನಾದರೂ ಹೇಳುವುದಿದ್ದರೆ ಮೇಲ್ಮನವಿ ಸಲ್ಲಿಸಿ. ಅದನ್ನು ಸೊಸೈಟಿಯ ಮೇಜಿನಲ್ಲೇ ಕೂತು ಎರಡು ಸಲ ಓದಿದೆ. ಪಕ್ಕದ ಮೇಜಿನ ಫರ್ಜಾನಾ, ದಿನಾ ಭಟ್ಕಳದಿಂದ ಬರುವವಳು, ನನ್ನ ಮುಖ ನೋಡಿ ನೀರು ತಂದುಕೊಟ್ಟಳು. ವಿಷಯ ಹೇಳಿದೆ. ಅವಳು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತಳು.

“ವೀಣಕ್ಕ, ಶೈಲಕ್ಕ ನಮ್ಮ ಪಕ್ಕದ ಮನೆಯವ್ರಲ್ವಾ, ಅವ್ರು ಹೇಳಿದ್ರು ಅಂತ ನಾವೂ ದಿನಾ ಒತ್ತಿದ್ದೇವೆ. ದುಬೈಲಿರೋ ನಮ್ಮ ಭಾವನಿಗೂ ಹೇಳಿದ್ದೆ. ಅಲ್ಲಿಂದ ಒತ್ತಿದ್ರೆ ರೇಟು ಜಾಸ್ತಿಯಂತೆ. ಪಾಪ, ರೂಮಿನವ್ರೆಲ್ಲರ ಹತ್ರ ಒತ್ತಿಸಿದ್ದಾರೆ.”

ಅಂದು ಶೈಲಾಳ ಜೊತೆ ‘ಆತು’ ಎಂದಿದ್ದ ಚಿಕ್ಕಪ್ಪನ ನೆನಪಾಗಿ ಭಾನುವಾರ ಕಾಗಾಲಕ್ಕೆ ಓಡಿದೆ. ಚಿಕ್ಕಪ್ಪ ಅಂಗಳದಲ್ಲೇ ಎದುರುಗೊಂಡ. “ಬಾ ತಂಗಿ, ದುಡ್ಡು ಬಂತಾ? ನಾವೆಂತ ಸುಮ್ನೆ ಕೂತ್ಕಂಡಿಲ್ಲ. ಇಡೀ ಕೇರಿ ಮುಯ್ಯಾಳು ಹಾಕಿದ್ದೇನೆ!”

ಮುಯ್ಯಾಳೆಂದರೆ, ಒಬ್ಬರ ಗದ್ದೆಯ ನೆಟ್ಟಿಗೆ, ಅಂದರೆ ನಾಟಿಗೆ, ಕೇರಿಯ ಎಲ್ಲ ಮನೆಗಳಿಂದ ಒಂದೊಂದು ಆಳು ಹೋಗುವುದು. ನಾಳೆ ಅವರ ಗದ್ದೆಗೆ ಇವರು ಹೋಗಬೇಕು. ಕೂಲಿ ಇಲ್ಲ, ಮಾತೂ ಇಲ್ಲ, ಯಾರೂ ಮರೆಯುವುದೂ ಇಲ್ಲ. ನನ್ನ ಅಪ್ಪ ಇದ್ದಷ್ಟು ಕಾಲ ಕಾಗಾಲದ ಯಾವ ನೆಟ್ಟಿಯನ್ನೂ ತಪ್ಪಿಸಿರಲಿಲ್ಲವಂತೆ. ಆ ಋಣ ಬಾಕಿ ಇತ್ತು. ಗದ್ದೆಯಿಲ್ಲದ ಮಗಳಿಗೆ ಅದನ್ನು ತೀರಿಸುವುದು ಹೇಗೆ ಎಂದು ಕೇರಿಯವರು ಇಷ್ಟು ವರ್ಷ ಕಾದಿದ್ದರು. ಜಾಹೀರಾತು ಸಿಕ್ಕಿತು. ಒಂದು ದಿನ ಮೇಲಿನ ಕೇರಿ, ಮರುದಿನ ಕೆಳಗಿನ ಕೇರಿ, ಸರದಿ ಪ್ರಕಾರ, ಬೆಳಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಒತ್ತಿದ್ದಾರೆ. ಕಳ್ಳ ಕೆಲಸ ಆಗಬಾರದೆಂದು ಒತ್ತಿದ ಮೇಲೆ ಅಲ್ಲಿ ಕೇಳಿದ ಹೆಸರು, ಫೋನ್ ನಂಬರನ್ನೂ ಪ್ರಾಮಾಣಿಕವಾಗಿ ತುಂಬಿದ್ದಾರೆ. ಈಗ ಚಿಕ್ಕಪ್ಪನ ಬೋಳುತಲೆಗೆ ಕೂದಲು ನೆಡುತ್ತೇವೆಂದು ಬೆಂಗಳೂರಿನಿಂದ ಫೋನು ಬರುತ್ತಿದೆ. ಅವನು “ಮೊದ್ಲು ಗದ್ದೆ ನೆಟ್ಟಿ ಮುಗೀಲಿ” ಎಂದು ಮುಂದೆ ಹಾಕಿದ್ದಾನೆ. ಪಕ್ಕದ ಮನೆಯ ನಾಗಮ್ಮಜ್ಜಿಗೆ ಹದಿನಾರನೇ ಮಹಡಿಯಲ್ಲಿ ಫ್ಲ್ಯಾಟು ತೋರಿಸುತ್ತೇವೆಂದು ಒಬ್ಬಳು ದಿನಾ ಮಾತಾಡುತ್ತಾಳಂತೆ. “ಚಲೋ ಹುಡುಗಿ, ‘ಊಟ ಆಯ್ತಾ ಮೇಡಂ’ ಕೇಳ್ತದೆ. ಬೇಡ ಅಂತ ಹೇಳೂಕೆ ಬಾಯೇ ಬರುದಿಲ್ಲ” ಎಂದು ಅಜ್ಜಿ ಬೇಲಿಯಾಚೆಯಿಂದ ಹೇಳಿದಳು.

“ಅಲ್ಲ ಚಿಕ್ಕಪ್ಪ, ನೀವೆಲ್ಲ ನನ್ನ ಬರಹ ಓದಿದ್ರಾ?” ಎಂದು ಕೇಳಿದೆ.

ಚಿಕ್ಕಪ್ಪ ತಲೆ ಕೆರೆದುಕೊಂಡ. “ಓದುಕೆ ಎಲ್ಲಿ ಪುರ್ಸೊತ್ತು ತಂಗಿ, ಒತ್ತುದೇ ಅಷ್ಟಿತ್ತು.”

ಬೈಯಬೇಕೆಂದು ಬಂದವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಖಾತೆ ಹೋದ ವಿಷಯ ಅವನಿಗೆ ಹೇಳಲಿಕ್ಕಾಗಲಿಲ್ಲ. ಅವನು ಕಟ್ಟಿಕೊಟ್ಟ ಕುಚ್ಚಲಕ್ಕಿಯ ಚೀಲ ಹೊತ್ತುಕೊಂಡು ವಾಪಸು ಬಂದೆ.

ಮೇಲ್ಮನವಿಯ ಅರ್ಜಿಯಲ್ಲಿ ಒಂದೇ ಪ್ರಶ್ನೆ ಇತ್ತು. ಈ ಕ್ಲಿಕ್ಕುಗಳು ಎಲ್ಲಿಂದ ಬಂದವು, ಏಕೆ ಬಂದವು, ವಿವರಿಸಿ. ನಾನು ಕನ್ನಡದಲ್ಲಿ ವಿವರಿಸತೊಡಗಿದೆ. ಅಪ್ಪ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಕಾಗಾಲದ ಗದ್ದೆಗಳಿಗೆ ಹೋಗುತ್ತಿದ್ದದ್ದು, ಕೆಸರು ಮೆತ್ತಿದ ಕಾಲಲ್ಲಿ ಬಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದದ್ದು, ನಾಗಮ್ಮಜ್ಜಿಯ ಫ್ಲ್ಯಾಟು, ದುಬೈ ಭಾವನ ರೂಮಿನವರು, ಎಲ್ಲ ಬಂತು. ಸ್ವಾಮಿ, ಇವರು ಯಾರಿಗೂ ಮೋಸ ಮಾಡಲಿಲ್ಲ, ಇವರಿಗೆ ಗೊತ್ತಿರುವುದು ಸಹಾಯ ಮಾಡುವ ಇದೊಂದೇ ರೀತಿ ಎಂದು ಮುಗಿಸಿದೆ. ನಮ್ಮನೆಯವರು ಅದನ್ನು ಇಂಗ್ಲಿಷಿಗೆ ಮಾಡಿಕೊಡಲು ಕೂತು, ಮುಯ್ಯಾಳಿನ ಹತ್ತಿರ ಬಂದು ಪೆನ್ನು ಕೆಳಗಿಟ್ಟರು. ಕೊನೆಗೆ ‘ಅಗ್ರಿಕಲ್ಚರಲ್ ರಿಲೇಟಿವ್ಸ್’ ಎಂದು ಬರೆದರು. ಮೂಗು ಒರೆಸಿಕೊಂಡದ್ದನ್ನೂ ನೋಡಿದೆ. ನೆಗಡಿ ಎಂದರು.

ಕಂಪನಿಯ ಉತ್ತರ ಎರಡೇ ಸಾಲಿನದು. ಮನವಿ ತಿರಸ್ಕೃತವಾಗಿದೆ, ಈ ತೀರ್ಮಾನವೇ ಅಂತಿಮ. ನಾನು ಅಡುಗೆಮನೆಗೆ ಹೋಗಿ ಕುಕ್ಕರಿನ ಸೀಟಿಯ ಮರೆಯಲ್ಲಿ ಚೆನ್ನಾಗಿ ಅತ್ತೆ. ಹಣಕ್ಕಲ್ಲ. ಅಷ್ಟು ಹತ್ತಿರ ಬಂದಿತ್ತಲ್ಲ ಎಂದು. ಆಮೇಲೆ ಬರೆದದ್ದು ಹಾಳಾಗಬಾರದೆಂದು ಆ ಮೇಲ್ಮನವಿಯ ಕನ್ನಡ ಪ್ರತಿಯನ್ನೇ ಬ್ಲಾಗಿನಲ್ಲಿ ಹಾಕಿ, ಇನ್ನು ಸಾಕು ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಅದು ಹೇಗೋ ಯಾರದೋ ಮೊಬೈಲಿಗೆ ಹೋಗಿ, ಅಲ್ಲಿಂದ ಗುಂಪಿನಿಂದ ಗುಂಪಿಗೆ ಹಾರಿ, ಕತಗಾಲ, ಗೇರುಸೊಪ್ಪ, ಘಟ್ಟದ ಮೇಲೆ, ಎಲ್ಲೆಲ್ಲೋ ಓಡಾಡಿತು. ಜನ ಓದಿದರು. ಈ ಸಲ ನಿಂತು ಓದಿದರು, ಅಂಕಿಗಳಲ್ಲಿ ಕಾಣುತ್ತಿತ್ತು. ನನ್ನ ಇಡೀ ಜೀವಮಾನದ ಬರವಣಿಗೆಗೆ ಸಿಗದ ಓದುಗರು ಆ ಒಂದು ಅರ್ಜಿಗೆ ಸಿಕ್ಕಿದರು, ಅದೂ ಒಂದೇ ಒಂದು ಜಾಹೀರಾತು ಇಲ್ಲದ ಪುಟದಲ್ಲಿ.

ಮೊನ್ನೆ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಗೇರುಸೊಪ್ಪ ಕಡೆಯ ಹೆಂಗಸೊಬ್ಬರು ನನ್ನನ್ನು ದಿಟ್ಟಿಸಿ ನೋಡಿ ಹತ್ತಿರ ಬಂದರು. “ನೀವೇ ಅಲ್ದಾ, ಆ ಮುಯ್ಯಾಳು ಬರೆದವ್ರು? ಬ್ಲಾಗಲ್ಲಿ ನಿಮ್ಮ ಫೋಟೋ ನೋಡಿದ್ದೆ. ಎರಡು ಸಲ ಓದಿದೆ. ನಮ್ಮತ್ತೆಗೂ ಓದಿ ಹೇಳಿದೆ. ಒತ್ತುವಾ ಅಂತ ಜಾಹೀರಾತು ಎಷ್ಟು ಹುಡುಕಿದೆ, ಒಂದೂ ಇಲ್ಲ ನಿಮ್ದು!” ಅವರ ದನಿಯಲ್ಲಿ ಅಸಮಾಧಾನ ಇತ್ತು. ಹೋಗಲಿ ಬಿಡಿ, ಓದಿದಿರಲ್ಲ, ಅದೇ ಸಾಕು ಎಂದೆ. “ಸಾಕು ಅಂದ್ರೆ ಹೆಂಗೆ? ಅಷ್ಟು ಬರೆದವ್ರಿಗೆ ಎಂತಾರೂ ಸಿಗಬೇಕಲ್ದಾ?” ಎಂದವರೇ, ಸಂತೆಗೆ ತಂದಿದ್ದ ಚೀಲಕ್ಕೆ ಕೈ ಹಾಕಿ ಬಸಳೆಯ ದೊಡ್ಡದೊಂದು ಕಟ್ಟು ತೆಗೆದು ನನ್ನ ಕಂಕುಳಿಗೆ ತುರುಕಿ, ಬಸ್ಸು ಹೊರಟಿತೆಂದು ಓಡಿದರು.

ಕುಮಟೆಯತನಕ ಆ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಹುಚ್ಚಿಯ ಹಾಗೆ ಒಬ್ಬಳೇ ನಗುತ್ತಾ ಬಂದೆ. ನಮ್ಮನೆಯವರು ಬಾಗಿಲಲ್ಲೇ ಕೇಳಿದರು, “ಬಸಳೆ ಎಷ್ಟಕ್ಕೆ ಕೊಟ್ರು?” ಕೊಂಡದ್ದಲ್ಲ, ಬರೆದು ಸಂಪಾದಿಸಿದ್ದು ಎಂದೆ. ಅವರು ಕಟ್ಟನ್ನು ಕೈಗೆ ತಕ್ಕೊಂಡು, ಅಂಗಡಿಯಲ್ಲಿ ಸರಕು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, “ದಂಟು ಸ್ವಲ್ಪ ಬಲಿತಿದೆ” ಎಂದರು. ಹೌದು, ಬಲಿತಿತ್ತು. ಆದರೂ ಸಂಭಾವನೆಯ ವಿಷಯದಲ್ಲಿ ತಕರಾರು ತೆಗೆಯುವುದು ನಮ್ಮಂಥ ಲೇಖಕರಿಗೆ ಶೋಭಿಸುವುದಿಲ್ಲ.